ಅರವತ್ತೈದು ಕಿಲೋದವನ ಸ್ಪ್ರಿಂಗು

ಮೊನ್ನೆ ಡಾಕ್ಟರ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರ ಹತ್ತುವ ಮುಂಚೆ ಚಪ್ಪಲಿ ಬಿಟ್ಟೆ. ಅದು ಎಲ್ಲರೂ ಮಾಡುವ ಕೆಲಸ. ಆಮೇಲೆ ಕೈಗಡಿಯಾರ ಬಿಚ್ಚಿದೆ, ಜೇಬಿನ ಪೆನ್ನು ತೆಗೆದೆ, ಬೀಗದ ಕೈಗೊಂಚಲು ತೆಗೆದೆ, ಕೊನೆಗೆ ಕನ್ನಡಕವನ್ನೂ ತೆಗೆದು ನರ್ಸಮ್ಮನ ಮೇಜಿನ ಮೇಲಿಟ್ಟೆ. ಕನ್ನಡಕ ತೆಗೆಯುವುದರಲ್ಲಿ ಇನ್ನೊಂದು ಅನುಕೂಲವೂ ಉಂಟು, ಯಂತ್ರ ಏನು ತೋರಿಸುತ್ತಿದೆ ಎಂಬುದು ಕಾಣುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಹತ್ತಿ, ಉಸಿರು ಬಿಗಿಹಿಡಿದು ನಿಂತೆ. "ಉಸಿರು ಬಿಡಿ ಸಾರ್, ಅದಕ್ಕೇನೂ ತೂಕ ಇರಲ್ಲ" ಎಂದು ನರ್ಸಮ್ಮ ನಕ್ಕರು. ನೀವೂ ನಗಬಹುದು. ಆದರೆ ಇದೇ ಚಟದಿಂದಾಗಿ ಒಂದು ಕಾಲದಲ್ಲಿ ನಾನು ಬೆಲ್ಜಿಯಂ ದೇಶದಿಂದ ಟೈಟಾನಿಯಂ ಸ್ಪ್ರಿಂಗು ತರಿಸಿ, ಇನ್ನೂ ಗೊತ್ತಾಗದ ನನ್ನ ಮದುವೆಯನ್ನು ಅದರ ಮೇಲೆ ಕೂರಿಸಿದ್ದೆ.

ತೂಕದ ವಿಷಯದಲ್ಲಿ ನಮ್ಮ ಮನೆಯ ರೀತಿ ರಿವಾಜೇ ಬೇರೆ. ನಾನು ಬೆಳೆದದ್ದು ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ. ಮಂಡಿಯಲ್ಲಿ ದಿನವಿಡೀ ಚೀಲಗಳು ತಕ್ಕಡಿ ಹತ್ತಿ ಇಳಿಯುತ್ತಿದ್ದವು. ಮಧ್ಯಾಹ್ನ ವ್ಯಾಪಾರ ತಣ್ಣಗಾದಾಗ ನಾವು ಹುಡುಗರು ಚೀಲದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ತೂಗಿಸಿಕೊಳ್ಳುತ್ತಿದ್ದೆವು. ಬಟ್ಟೆಗೆ ಕೊಬ್ಬರಿ ಜಿಡ್ಡಿನ ವಾಸನೆ ಹತ್ತಿ ಮನೆಗೆ ಬಂದರೆ ಅಜ್ಜಿಗೆ ಗೊತ್ತಾಗಿಬಿಡುತ್ತಿತ್ತು. ಬೆಳೆಯುವ ಮಗುವಿನ ತೂಕ ನೋಡಬಾರದು, ನೋಡಿದರೂ ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ ಎಂಬುದು ಅವರ ಶಾಸ್ತ್ರ. ತಕ್ಷಣ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕುತ್ತಿದ್ದರು. ಘಾಟು ಬಾರದಿದ್ದರೆ, "ನೋಡ್ದಾ, ಎಷ್ಟ್ ದೃಷ್ಟಿ ಬಿದ್ದಿತ್ತು" ಎನ್ನುತ್ತಿದ್ದರು. ಘಾಟು ಬಂದು ನಾವೆಲ್ಲ ಕೆಮ್ಮಿದರೆ ಮೆಣಸಿನಕಾಯಿ ಒಳ್ಳೆಯದು ಎನ್ನುತ್ತಿದ್ದರು. ಯಾರಾದರೂ ಮುಖಕ್ಕೆ ಮುಖ ಕೊಟ್ಟು ತೂಕ ಕೇಳಿಯೇಬಿಟ್ಟರೆ ಐದಾರು ಕಿಲೋ ಇಳಿಸಿ ಹೇಳಬೇಕು. ಇದು ಸುಳ್ಳಲ್ಲ, ಮಗುವಿಗೆ ರಕ್ಷಣೆ. ನಾನು ಈ ರಕ್ಷಣೆಯನ್ನು ಮೂವತ್ತರ ಹತ್ತಿರಕ್ಕೆ ಬರುವವರೆಗೂ ಮುಂದುವರಿಸಿಕೊಂಡು ಬಂದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದಿರಬೇಕು. ನನಗೆ ಸೂರತ್ತಿನ ಹತ್ತಿರ ಹಜೀರಾದ ಒಂದು ಕಾರ್ಖಾನೆಯಲ್ಲಿ ಕೆಲಸ. ಊರು ಬಿಟ್ಟಾಗ ನಾನು ನಿಜವಾಗಿಯೂ ಅರವತ್ತೈದು ಕಿಲೋ ಇದ್ದೆ. ಆದರೆ 'ಸೂರತ್ ನು ಜಮಣ್, ಕಾಶಿ ನು ಮರಣ್' ಎಂದು ಗುಜರಾತಿಗಳ ಗಾದೆ. ಊಟ ಮಾಡಿದರೆ ಸೂರತ್ತಿನಲ್ಲಿ ಮಾಡಬೇಕು, ಸತ್ತರೆ ಕಾಶಿಯಲ್ಲಿ ಸಾಯಬೇಕು. ಕಾಶಿಗೆ ಅವಸರವಿರಲಿಲ್ಲವಾದ್ದರಿಂದ ಗಾದೆಯ ಮೊದಲರ್ಧವನ್ನು ನಾನು ಶ್ರದ್ಧೆಯಿಂದ ಪಾಲಿಸುತ್ತಿದ್ದೆ. ನನ್ನ ಬಾಡಿಗೆ ಫ್ಲ್ಯಾಟಿನ ಎದುರು ಬಾಗಿಲಿನಲ್ಲಿ ವಜ್ರದ ವ್ಯಾಪಾರಿ ಹಸ್ಮುಖ್‌ಭಾಯಿ ಮತ್ತು ಅವರ ಹೆಂಡತಿ ಕೋಕಿಲಾಬೆನ್ ಇದ್ದರು. ಒಂಟಿ ಹುಡುಗ ಎಂದು ಕೋಕಿಲಾಬೆನ್ ದಿನಕ್ಕೊಂದು ತಟ್ಟೆ ಮುಚ್ಚಿಕೊಂಡು ಬರುತ್ತಿದ್ದರು. ತಟ್ಟೆಯನ್ನು ಖಾಲಿ ವಾಪಸು ಕೊಡಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ, ಆದರೆ ತುಂಬಿದ ತಟ್ಟೆಯನ್ನು ಹಾಗೇ ವಾಪಸು ಕೊಡುವುದು ಅದಕ್ಕಿಂತ ದೊಡ್ಡ ಅಪರಾಧ. ಇನ್ನು ಕನ್ನಡದ ಹಸಿವಾದಾಗ ಸೂರತ್ತಿನದೇ ಉಧ್ನಾ ಬಡಾವಣೆಯಲ್ಲಿ ಕುಂದಾಪುರದ ಶೆಟ್ಟರ ಹೋಟೆಲು ಇತ್ತು. ಹೀಗೆ ಗುಜರಾತ್ ಒಂದು ಕಡೆಯಿಂದ, ಕರ್ನಾಟಕ ಇನ್ನೊಂದು ಕಡೆಯಿಂದ ನನ್ನನ್ನು ಸಾಕುತ್ತಿದ್ದವು.

ಭಾನುವಾರಗಳಲ್ಲಿ ಅಮ್ಮನಿಗೆ ಫೋನು. "ಏನಪ್ಪಾ, ಊಟ ಮಾಡ್ತಿದೀಯೋ ಇಲ್ವೋ? ದನೀಲೇ ಗೊತ್ತಾಗ್ತೈತೆ, ಸೊರಗೋಗಿದೀಯಾ" ಎನ್ನುತ್ತಿದ್ದಳು. ಫೋನಿನಲ್ಲಿ ಮಗನ ಮೈ ಕಾಣುವ ಶಕ್ತಿ ತಾಯಂದಿರಿಗೆ ಹೇಗೆ ಬಂತೋ ಗೊತ್ತಿಲ್ಲ. ಅಂಥ ಅಮ್ಮನಿಗೆ ಒಂದು ದಿನ ವಡೋದರಾದಿಂದ ಫೋನು ಬಂತು. ಅಲ್ಲಿ ನೆಲೆಸಿದ್ದ ಧಾರವಾಡದ ಒಬ್ಬ ಹೆಂಗಸು ತಮ್ಮ ಅಕ್ಕನ ಮಗಳಿಗೆ ಗಂಡು ನೋಡುತ್ತಿದ್ದರು. ಹುಡುಗಿ ಹೆಸರು ಸವಿತಾ, ಅಹಮದಾಬಾದಿನ ವಸ್ತ್ರಾಪುರದಲ್ಲಿ ಗೆಳತಿಯರ ಜೊತೆ ಮನೆ ಮಾಡಿಕೊಂಡು ಕೆಲಸ ಮಾಡುತ್ತಿದ್ದಾಳೆ. "ಹುಡುಗ ಹ್ಯಾಂಗದಾನ್ರಿ, ದಪ್ಪ ಏನು?" ಎಂದು ಆಕೆ ಕೇಳಿದರಂತೆ. "ಅಯ್ಯೋ ಎಲ್ಲಿಯ ದಪ್ಪ, ಅರವತ್ತೈದೇ ಕೆಜಿ. ಈಗ ಅಷ್ಟೂ ಇದಾನೋ ಇಲ್ವೋ" ಎಂದಳಂತೆ ಅಮ್ಮ. ಪಾಪ, ಅವಳು ಹೇಳಿದ್ದು ತನಗೆ ತಿಳಿದ ಸತ್ಯವನ್ನೇ.

ಇಲ್ಲಿ ಸೈಕಲ್ಲಿನ ವಿಷಯ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನಮ್ಮ ಕಾರ್ಖಾನೆಗೆ ಯಂತ್ರ ಜೋಡಿಸಲು ಲಾರ್ಸ್ ಎಂಬ ಯೂರೋಪಿನ ಎಂಜಿನಿಯರ್ ಬಂದಿದ್ದ. ಬಾಗಿಲಲ್ಲಿ ತಲೆ ತಗ್ಗಿಸಿ, ಅಡ್ಡಡ್ಡ ತಿರುಗಿ ಒಳಗೆ ಬರಬೇಕಾದ ಆಳು. ಅವನಿಗೆ ನಾನು ಶೆಟ್ಟರ ಹೋಟೆಲಿನಲ್ಲಿ ದೋಸೆ ಮುರಿಯುವ ವಿದ್ಯೆ ಕಲಿಸಿದ್ದೆ. ವಾಪಸು ಹೋಗುವಾಗ ಅವನು ತನ್ನ ಮೌಂಟನ್ ಬೈಕನ್ನು ನನಗೆ ಬಿಟ್ಟುಹೋದ. ನಮ್ಮ ಊರಿನ ಬಾಡಿಗೆ ಸೈಕಲ್ಲಿಗೂ ಸ್ಪ್ರಿಂಗು ಇರುತ್ತಿತ್ತು, ಸೀಟಿನ ಕೆಳಗೆ, ಚಡ್ಡಿಯ ಅಂಚನ್ನು ಹಿಡಿದು ತೊಡೆ ಚಿವುಟಲು. ಇದರ ಸ್ಪ್ರಿಂಗು ಹಾಗಲ್ಲ. ಚೌಕಟ್ಟಿನ ನಡುವೆ, ಹಿಂದಿನ ಚಕ್ರಕ್ಕೆ ಸೇರಿದ ಹಾಗೆ ಕೈಮುಷ್ಟಿ ಗಾತ್ರದ ಸುರುಳಿ. ಚಕ್ರ ಕಲ್ಲಿನ ಮೇಲೆ ಏರಿದರೆ ಸುರುಳಿ ಕುಗ್ಗಿ ಏಟನ್ನು ತಾನು ನುಂಗುತ್ತದೆ, ನಮ್ಮ ಸೊಂಟಕ್ಕೆ ತಲುಪಿಸುವುದಿಲ್ಲ. ಆದರೆ ಸ್ಪ್ರಿಂಗು ಸವಾರನ ತೂಕಕ್ಕೆ ಒಪ್ಪುವಂತಿರಬೇಕು. ಲಾರ್ಸನದು ಲಾರ್ಸನ ಮೈಗೆ ಹೊಂದುವ ಸ್ಪ್ರಿಂಗು. ನಾನು ಕೂತರೆ ಯಾರೋ ಕೂತಿದ್ದಾರೆ ಎಂಬುದೇ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಬಹಳ ವರ್ಷಗಳ ಮೇಲೆ ನನ್ನನ್ನು ಹಗುರ ಎಂದು ಬಗೆದ ವಸ್ತು ಅದೊಂದೇ, ಅದಕ್ಕೇ ಅದರ ಮೇಲೆ ನನಗೆ ಪ್ರೀತಿ.

ನವರಾತ್ರಿಗೆ ಸ್ವಲ್ಪ ಮುಂಚೆ ವಡೋದರಾದಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಸವಿತಾ ತನ್ನ ಚಿಕ್ಕಮ್ಮನನ್ನು ಧಾರವಾಡದ ಕಡೆಯವರಂತೆ ಮೌಶಿ ಎನ್ನುತ್ತಿದ್ದಳು. ಮೌಶಿ ಉಪ್ಪಿಟ್ಟು, ಶಿರಾ ಮಾಡಿದ್ದರು. ಹೊಟ್ಟೆಯನ್ನು ಒಳಗೆಳೆದುಕೊಂಡು ಉಪ್ಪಿಟ್ಟು ತಿನ್ನುವುದು ಎಷ್ಟು ಕಷ್ಟ ಎಂಬುದು ಅಂದು ತಿಳಿಯಿತು, ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಸವಿತಾ ನನಗೆ ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಅವಳು ತಟ್ಟೆ ತಂದಿಟ್ಟು ತಲೆತಗ್ಗಿಸಿ ಕೂರಲಿಲ್ಲ, ತಾನೂ ಒಂದು ತಟ್ಟೆ ತಂದುಕೊಂಡು ನನ್ನೆದುರು ಕೂತು ತಿನ್ನತೊಡಗಿದಳು. ಭಾನುವಾರ ಬೆಳಿಗ್ಗೆ ಸೈಕಲ್ ಹೊಡೆಯುವ ಅಭ್ಯಾಸ ಇದೆ ಎಂದಳು. ನನಗೆ ಅಷ್ಟೇ ಬೇಕಾಗಿತ್ತು. "ನನ್ನ ಹತ್ರ ಮೌಂಟನ್ ಬೈಕ್ ಇದೆ" ಎಂದೆ.

"ಸೂರತ್‌ನ್ಯಾಗ ಮೌಂಟನ್ ಎಲ್ಲಿ ಐತ್ರೀ?"

"ಫ್ಲೈಓವರ್‌ಗಳು ಇದಾವೆ."

ಅವಳು ನಗುತ್ತ ಶಿರಾದ ಚಮಚ ಕೆಳಗಿಟ್ಟಳು. "ಹಿಂಗ ಉಪ್ಪಿಟ್ಟು ತಿಂದು ಮಾತಾಡಿದ್ರ ಮನಶ್ಯಾರು ಗೊತ್ತಾಗೂದಿಲ್ರಿ. ಡಿಸೆಂಬರ್‌ನ್ಯಾಗ ಇಲ್ಲೇ ಸಮೀಪದ ಪಾವಾಗಢಕ್ಕ ಬರ್ರಿ. ಮೌಶಿನೂ ಬರ್ತಾಳ. ಗುಡ್ಡದ ಮ್ಯಾಲಿಂದ ಸೈಕಲ್ ಮ್ಯಾಲೆ ಇಳಿಯೂಣು. ಆಮ್ಯಾಲೆ ನನ್ನ ವಿಚಾರ ಮೌಶಿಗೆ ಹೇಳ್ತೀನಿ."

ಸೂರತ್ತಿಗೆ ವಾಪಸಾಗುವ ರೈಲಿನಲ್ಲಿ ನನಗೆ ಎರಡು ಸಂಗತಿ ಸ್ಪಷ್ಟವಾದವು. ಒಂದು, ಈ ಹುಡುಗಿ ಹೂಂ ಎನ್ನದಿದ್ದರೆ ನನಗೆ ಬಹಳ ಬೇಜಾರಾಗುತ್ತದೆ. ಇನ್ನೊಂದು, ನನ್ನ ತೂಕಕ್ಕೆ ಕುಗ್ಗದ ಲಾರ್ಸನ ಸ್ಪ್ರಿಂಗಿನ ಮೇಲೆ ಪಾವಾಗಢ ಇಳಿದರೆ ಅವಳು ಹೂಂ ಎನ್ನುವ ಹೊತ್ತಿಗೆ ನನ್ನ ಬೆನ್ನುಮೂಳೆ ಇರುವುದಿಲ್ಲ.

ಮರುದಿನವೇ ಸೈಬರ್ ಕೆಫೆಗೆ ಓಡಿದೆ. ಆಗಿನ ಇಂಟರ್‌ನೆಟ್ಟಿನಲ್ಲಿ ಒಂದು ಚಿತ್ರ ಮೇಲಿಂದ ಕೆಳಕ್ಕೆ ಬಿಚ್ಚಿಕೊಳ್ಳುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಸ್ಪ್ರಿಂಗಿನಲ್ಲಿ ಎರಡು ಜಾತಿ ಎಂದು ತಿಳಿಯಿತು. ಉಕ್ಕಿನದು ಅಗ್ಗ, ಭಾರ. ಟೈಟಾನಿಯಂನದು ದುಬಾರಿ, ಹಗುರ. ಟೈಟಾನಿಯಂ ಸುರುಳಿಗೆ ಸುತ್ತುಗಳೂ ಕಡಿಮೆ, ಅದರಿಂದ ಇನ್ನಷ್ಟು ಹಗುರ, ಒಟ್ಟು ಸುಮಾರು ಕಾಲು ಕಿಲೋ ಉಳಿತಾಯ. ನನ್ನಂಥವನಿಗೆ ಉಕ್ಕಿನದು ಧಾರಾಳ ಸಾಕಿತ್ತು. ಆದರೆ ಪರದೆಯ ಮೇಲೆ ಆ ಬೂದು ಬಣ್ಣದ ಸುರುಳಿ ಪೂರ್ತಿ ಮೂಡಿದ ಮೇಲೆ ಉಕ್ಕು ಎಂಬ ಶಬ್ದವೇ ಒರಟು ಎನಿಸಿತು. ಏನೇ ಆದರೂ ಹಗುರವಾಗಬೇಕು ಎಂದು ಹಠ ಹುಟ್ಟಿದಾಗ ಮನುಷ್ಯ ತನ್ನನ್ನು ಬಿಟ್ಟು ಉಳಿದದ್ದನ್ನೆಲ್ಲ ಹಗುರ ಮಾಡಲು ಹೊರಡುತ್ತಾನೆ.

ಶೆಟ್ಟರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಗಲ್ಲಾದ ಮೇಲೆ ಮೊಣಕೈಯೂರಿ ಕೇಳಿದರು, ಆಮೇಲೆ ಹೇಳಿದರು. "ಎಂತ ಮಾರಾಯ್ರೆ, ಕಾಲ್ ಕಿಲೋ ಕಮ್ಮಿ ಮಾಡುಕೆ ಪರದೇಶದಿಂದ ಸಾಮಾನ್ ತರ್ಸ್‌ಕಾ? ದಿನಾ ಒಂದ್ ಮಸಾಲೆದೋಸಿ ಬಿಟ್ರೆ ಸಾಕಲ್ದಾ?" ಹೋಟೆಲಿನ ಯಜಮಾನರೇ ಹೀಗೆ ಹೇಳಿದ ಮೇಲೆ ವಿಷಯ ಗಂಭೀರವೆಂದೇ ಅರ್ಥ. ಅವರೇ ನನ್ನನ್ನು ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಆಲೂಗಡ್ಡೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತಕ್ಕೆ ಒಂದು ಕಡಿಮೆ. "ಹ್ವಾಯ್, ನೀವ್ ಬಟಾಟಿ ಆಯಿದ್ರೆ ಎರಡ್ ದಿನದ್ ಪಲ್ಯಕ್ಕೆ ಸಾಕಾತಿತ್ತ್" ಎಂದರು. ಚಪ್ಪಲಿ ಬಿಡಲು ಮರೆತಿದ್ದೆ ಎಂದು ನಾನು ಸಮಜಾಯಿಷಿ ಕೊಟ್ಟೆ.

ಹಸ್ಮುಖ್‌ಭಾಯಿ ಆ ವಾರ ಬೆಲ್ಜಿಯಂನ ಆಂಟ್ವರ್ಪ್ ಊರಿಗೆ ಹೊರಟಿದ್ದರು. ಸೂರತ್ತಿನ ವಜ್ರದವರಿಗೆ ಅದು ನಮಗೆ ಅರಸೀಕೆರೆ ಇದ್ದ ಹಾಗೆ, ಕಚ್ಚಾ ಕಲ್ಲು ತರಲು ಹೋಗಿ ಬಂದು ಮಾಡುತ್ತಲೇ ಇರುತ್ತಾರೆ. ಸ್ಪ್ರಿಂಗು ತರಲು ಸಂತೋಷದಿಂದ ಒಪ್ಪಿದರು. ಕೆಲವು ದಿನಗಳ ಮೇಲೆ ಕೋಕಿಲಾಬೆನ್ ಓಡಿ ಬಂದು, ಆಂಟ್ವರ್ಪ್‌ನಿಂದ ಫೋನು, ನಿನ್ನನ್ನು ಕರೆಯುತ್ತಿದ್ದಾರೆ ಎಂದರು. ನಾನು ಅವರ ಮನೆಯ ಸೋಫಾದ ತುದಿಯಲ್ಲಿ ಕೂತು ಫೋನು ಹಿಡಿದೆ. ಅತ್ತಲಿಂದ ಹಸ್ಮುಖ್‌ಭಾಯಿಯ ದನಿ. ಅಂಗಡಿಯಲ್ಲಿ ಮೂರು ಬಗೆಯ ಸ್ಪ್ರಿಂಗು ಇವೆ, ಮೃದು, ಮಧ್ಯಮ, ಬಿಗಿ, ಅಂಗಡಿಯವನು ಸವಾರನ ತೂಕ ಕೇಳುತ್ತಿದ್ದಾನೆ. "ಬೋಲೋ ಭಾಈ, ವಜನ್ ಕೆಟ್ಲು?"

ನನ್ನ ಪಕ್ಕದಲ್ಲಿ ಕೋಕಿಲಾಬೆನ್ ನಿಂತಿದ್ದರು. ಅವರ ಹಿಂದೆ ಗೋಡೆಯಲ್ಲಿ ದೇವರ ಪಟಗಳಿದ್ದವು. ಎಪ್ಪತ್ತೊಂಬತ್ತು ಎಂಬ ಶಬ್ದ ಬಾಯಿಯವರೆಗೆ ಬಂತು. ಆದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ವಿಚಾರ ಹೊಳೆಯಿತು, ಆಗ ಅದು ಎಷ್ಟು ಒಳ್ಳೆಯ ವಿಚಾರವೆನಿಸಿತ್ತೆಂದರೆ ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಪಾವಾಗಢಕ್ಕೆ ಹೋಗುವುದು ಇವತ್ತಲ್ಲ, ಡಿಸೆಂಬರಿನಲ್ಲಿ. ಸವಿತಾಳ ಮನೆಯವರಿಗೆ ಅಮ್ಮ ಹೇಳಿರುವುದು ಅರವತ್ತೈದು. ಹಾಗಾದರೆ ಸ್ಪ್ರಿಂಗು ತರಿಸಬೇಕಾದದ್ದು ಈಗ ಸೋಫಾದ ಮೇಲೆ ಕೂತಿರುವ ಮನುಷ್ಯನಿಗಲ್ಲ, ಡಿಸೆಂಬರಿನಲ್ಲಿ ಸೈಕಲ್ ಹತ್ತಲಿರುವ ಮನುಷ್ಯನಿಗೆ. ಬೆಳೆಯುವ ಮಗುವಿಗೆ ದೊಡ್ಡ ಅಂಗಿ ಹೊಲಿಸುವುದಿಲ್ಲವೇ? ಇಳಿಯುವವನಿಗೆ ಸಣ್ಣ ಸ್ಪ್ರಿಂಗು.

"ಪೈಂಸಠ್" ಎಂದೆ. ಅರವತ್ತೈದು.

"ಪಕ್ಕಾ?" ಎಂದರು ಹಸ್ಮುಖ್‌ಭಾಯಿ. "ಅಮಾರಾ ಧಂಧಾಮಾ ಬೋಲೇಲು ವಜನ್ ನಾ ಚಾಲೆ." ನಮ್ಮ ವ್ಯಾಪಾರದಲ್ಲಿ ಬಾಯಿಮಾತಿನ ತೂಕ ನಡೆಯುವುದಿಲ್ಲ.

"ಪಕ್ಕಾ" ಎಂದೆ.

ಫೋನು ಕೆಳಗಿಟ್ಟು ತಿರುಗಿದರೆ ಕೋಕಿಲಾಬೆನ್ ಕಣ್ಣಲ್ಲಿ ನೀರು ತಂದುಕೊಳ್ಳುವುದೊಂದು ಬಾಕಿ. "ಬಸ್, ಪಾಂಸಠ್ ಜ?" ಬರೀ ಅರವತ್ತೈದೇ! ಎದುರು ಬಾಗಿಲಿನಲ್ಲಿ ಪರವೂರಿನ ಹುಡುಗ ಹೀಗೆ ಒಣಗುತ್ತಿದ್ದರೂ ತಮಗೆ ಗೊತ್ತಾಗಲಿಲ್ಲವಲ್ಲ ಎಂದು ಅವರು ನೊಂದರು. ಅಂದಿನಿಂದ ದಿನಕ್ಕೆ ಒಂದಿದ್ದ ತಟ್ಟೆ ಎರಡಾಯಿತು.

ನಾನು ಇಳಿಯಲು ಹೊರಟ ಕಾಲವಾದರೂ ಎಂಥದು ನೋಡಿ. ಶರದ್ ಹುಣ್ಣಿಮೆಯ ಮರುದಿನ ಸೂರತ್ತಿನವರಿಗೆ ಚಂದೀ ಪಡವೋ ಎಂಬ ಹಬ್ಬ. ಅಂದು ಊರಿಗೆ ಊರೇ ಘಾರಿ ತಿನ್ನುತ್ತದೆ. ಘಾರಿ ಎಂದರೆ ಖೋವಾ ಪಿಸ್ತಾ ತುಂಬಿದ ಬಿಲ್ಲೆಗೆ ಮೇಲಿನಿಂದ ತುಪ್ಪದ ದಪ್ಪ ಹೊದಿಕೆ, ಬೆರಳಿನಲ್ಲಿ ಒತ್ತಿದರೆ ಗುರುತು ಮೂಡುವಷ್ಟು ತುಪ್ಪ. ಬೇಡ ಎಂದೆ. ಹಬ್ಬದ ದಿನ ಬೇಡ ಎನ್ನಬಾರದು ಎಂದರು. ಅದು ಮುಗಿಯುವಷ್ಟರಲ್ಲಿ ದೀಪಾವಳಿ, ಮನೆ ಮನೆಗೆ ಹೋಗಿ ಗುಜರಾತಿ ಹೊಸ ವರ್ಷದ ಶುಭಾಶಯ ಹೇಳಬೇಕು, ಹೋದಲ್ಲೆಲ್ಲ ತಟ್ಟೆ. ಅದೂ ಮುಗಿಯಿತು ಎಂದರೆ ಚಳಿ ಶುರುವಾಗಿ ಉಂಧಿಯು, ಎಣ್ಣೆಯಲ್ಲಿ ತೇಲುವ ಗೆಣಸು ಬದನೆಕಾಯಿಗಳ ಆ ಪಲ್ಯ. ನಾನು ಬೆಳಿಗ್ಗೆ ಎದ್ದು ತಾಪಿ ನದಿಯ ಸೇತುವೆಯ ಮೇಲೆ ಓಡುತ್ತಿದ್ದೆ, ಸುಳ್ಳಲ್ಲ. ಆದರೆ ಸೇತುವೆಯ ಆಚೆ ತುದಿಯಲ್ಲಿ ಬಿಸಿ ಬಿಸಿ ಲೋಚೋ ಮಾರುವವನು ನಿಂತಿರುತ್ತಿದ್ದ. ಕಡಲೆಹಿಟ್ಟಿನದು, ಹಬೆಯಲ್ಲಿ ಬೇಯಿಸಿದ್ದು, ಹಗುರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವನು ಮೇಲೆ ಬೆಣ್ಣೆ ಹಾಕುವಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ.

ದೀಪಾವಳಿಗೆ ಮುಂಚೆಯೇ ಸ್ಪ್ರಿಂಗು ಬಂದಿತ್ತು. ಹಸ್ಮುಖ್‌ಭಾಯಿ ಅದನ್ನು ವಜ್ರ ಸುತ್ತುವ ತೆಳು ಕಾಗದದಲ್ಲಿ ಸುತ್ತಿ ತಂದಿದ್ದರು. ಮುಂಬೈಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಅವರನ್ನು ಬಹಳ ಹೊತ್ತು ಕೂರಿಸಿಕೊಂಡರಂತೆ. ವಜ್ರದ ವ್ಯಾಪಾರಿಯೊಬ್ಬ ಸೈಕಲ್ ಸ್ಪ್ರಿಂಗನ್ನು ರೇಷ್ಮೆಯಂಥ ಕಾಗದದಲ್ಲಿ ಸುತ್ತಿ ತಂದಿದ್ದಾನೆ ಎಂದರೆ ಯಾರು ನಂಬುತ್ತಾರೆ? ಒಳಗೆ ಏನಿದೆ, ಒಳಗೆ ಏನಿದೆ ಎಂದು ಕೇಳಿದರಂತೆ. "ಸ್ಪ್ರಿಂಗ್ ನೀ ಅಂದರ್ ಹವಾ!" ಎಂದರಂತೆ ಇವರು. ಸ್ಪ್ರಿಂಗಿನ ಒಳಗೆ ಗಾಳಿ. ಮನೆಗೆ ಬಂದ ಮೇಲೆ ಸೈಕಲ್ಲಿನಿಂದ ಹಳೆಯದನ್ನು ಬಿಚ್ಚಿಸಿ, ಎರಡನ್ನೂ ಅವರೇ ತೂಗಿ, ವ್ಯತ್ಯಾಸವನ್ನು ಕ್ಯಾರೆಟ್ಟಿನಲ್ಲಿ ಲೆಕ್ಕ ಹಾಕಿ ಹೇಳಿದರು. ಸಾವಿರ ಕ್ಯಾರೆಟ್ಟಿಗೂ ಮೇಲೆ! ಕಾಲು ಕಿಲೋ ಎಂದಾಗ ನಕ್ಕಿದ್ದ ಶೆಟ್ಟರೂ ಸಾವಿರ ಕ್ಯಾರೆಟ್ಟು ಎಂದಾಗ ಗಲ್ಲಾದಿಂದ ಮೊಣಕೈ ಎತ್ತಿ ನೆಟ್ಟಗೆ ಕೂತರು.

ಹಳೆಯದನ್ನೇ ಮತ್ತೆ ಹಾಕಿ, ಹೊಸ ಸ್ಪ್ರಿಂಗನ್ನು ಬಹಳ ದಿನ ಜೋಡಿಸಲಿಲ್ಲ. ನಾನು ಅದಕ್ಕೆ ಯೋಗ್ಯನಾಗಲಿ ಎಂದು ಕಾದೆ. ಪಾವಾಗಢಕ್ಕೆ ಒಂದು ವಾರ ಉಳಿದಾಗ ಇನ್ನು ಕಾದು ಫಲವಿಲ್ಲ ಎನಿಸಿ ಶೆಟ್ಟರ ಉಗ್ರಾಣಕ್ಕೆ ಹೋಗಿ, ಈ ಸಲ ಚಪ್ಪಲಿ ಬಿಟ್ಟು ಯಂತ್ರ ಹತ್ತಿದೆ. ಎಂಬತ್ತನಾಲ್ಕು. "ಈಗ ಚಪ್ಪಲಿ ಹಾಕ್ಕಂಡ್ ಹತ್ತಿ, ಕಮ್ಮಿ ಆತ್ತಾ ಕಾಂಬ" ಎಂದರು ಶೆಟ್ಟರು.

ಹೋಟೆಲಿನ ಪಾರ್ಕಿಂಗಿನಲ್ಲೇ ಕೂತು ಹಳೆಯ ಸ್ಪ್ರಿಂಗು ಬಿಚ್ಚಿ ಹೊಸದನ್ನು ಹಾಕಿದೆ. ಸವಾರ ಸುಮ್ಮನೆ ಕೂತಾಗ ಅದು ಕಾಲು ಭಾಗದಷ್ಟು ಕುಗ್ಗಬೇಕು ಎಂದು ನಿಯಮ. ನಾನು ಕೂತಾಗ ಅದು ಅರ್ಧದ ಹತ್ತಿರಕ್ಕೆ ಇಳಿದು, ಸೀಟು ಹಿಂದಿನ ಚಕ್ರಕ್ಕೆ ತಾಗುವಂತೆ ಕುಸಿಯಿತು. ಬಿಗಿ ಮಾಡುವ ಬಳೆಯನ್ನು ತಿರುಗಿಸಿ ತಿರುಗಿಸಿ ಕೊನೆ ಮುಟ್ಟಿಸಿದೆ. ಸೈಕಲ್ಲು ಸ್ವಲ್ಪ ಎದ್ದು ನಿಂತಿತು, ಒಂದು ಸಣ್ಣ ಗುಂಡಿ ಸಿಕ್ಕ ಕೂಡಲೇ ಮತ್ತೆ ಕೂತಿತು. ಬಳೆ ತಿರುಗಿಸಿದ ಮಾತ್ರಕ್ಕೆ ಮೃದುವಾದದ್ದು ಗಟ್ಟಿಯಾಗುವುದಿಲ್ಲ. "ಹಳೇದೇ ಹಾಕಣಿ ಮಾರಾಯ್ರೆ, ಸುಮ್ನೆ ಯಾಕ್ ರಗಳೆ?" ಎಂದರು ಶೆಟ್ಟರು. ಸರಿಯಾದ ಮಾತು. ಆದರೆ ಈ ನಡುವೆ ಸವಿತಾಳ ಜೊತೆ ಎರಡು ಮೂರು ಸಲ ಫೋನಿನಲ್ಲಿ ಮಾತಾಡಿದ್ದೆ, ಪ್ರತಿ ಸಲವೂ ಟೈಟಾನಿಯಂ ಎಂಬ ಶಬ್ದ ಬಂದಿತ್ತು. ಒಮ್ಮೆ ಅವಳು, "ಅಂಥಾದ್ದು ನಾ ನೋಡೇ ಇಲ್ರಿ, ತರ್ರಿ ನೋಡೂಣು" ಎಂದಿದ್ದಳು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಪಾವಾಗಢದ ಬುಡದ ಚಾಂಪಾನೇರಿನಲ್ಲಿ ಮೂವರೂ ಸೇರಿದೆವು. ಎರಡು ಸೈಕಲ್ಲುಗಳನ್ನೂ ಜೀಪಿನ ನೆತ್ತಿಗೆ ಕಟ್ಟಿ ಗುಡ್ಡದ ನಡುವಿನ ಮಾಚಿ ಎಂಬ ಜಾಗಕ್ಕೆ ಹತ್ತಿದೆವು. ಅಲ್ಲಿಂದ ಮೇಲೆ ಕಾಳಿಕಾ ಮಾತೆಯ ಗುಡಿಗೆ ತೂಗುತೊಟ್ಟಿಲ ರೋಪ್‌ವೇ. "ನೀವು ಇಳೀರಿ, ನಾ ಏರ್ತೀನಿ. ದೇವಿ ಇಬ್ಬರಿಗೂ ಒಳ್ಳೇ ಬುದ್ಧಿ ಕೊಡ್ಲಿ" ಎಂದು ಮೌಶಿ ಟಿಕೆಟ್ಟಿನ ಸಾಲಿಗೆ ಹೋದರು. ಸವಿತಾಳದು ಯಾವ ಸ್ಪ್ರಿಂಗೂ ಇಲ್ಲದ, ಅಲ್ಲಲ್ಲಿ ಬಣ್ಣ ಹೋದ ಸೈಕಲ್ಲು. ಅವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹೆಗಲಿಗೆ ಚೀಲ ಹಾಕಿ, ಹಿಂದೆ ಮುಂದೆ ನೋಡದೆ ಹೊರಟೇಬಿಟ್ಟಳು.

ನಾನೂ ಹೊರಟೆ. ಮೊದಲನೇ ತಿರುವಿನ ಗುಂಡಿಯಲ್ಲೇ ಸ್ಪ್ರಿಂಗು ಪೂರ್ತಿ ಮಲಗಿ, ಲೋಹಕ್ಕೆ ಲೋಹ ತಾಗಿ, ಠಣ್! ಏಟು ತಡೆಯಬೇಕಿದ್ದ ಒಳಗಿನ ರಬ್ಬರ್ ಬಿಲ್ಲೆ ಲಾರ್ಸನ ಕಾಲಕ್ಕೇ ಸವೆದುಹೋಗಿತ್ತು. ಇನ್ನೊಂದು ಗುಂಡಿ, ಠಣ್! ಪಾವಾಗಢದ ರಸ್ತೆಗೆ ಗುಂಡಿಗಳ ಬಡತನವಿರಲಿಲ್ಲ. ಕಾಲುನಡಿಗೆಯಲ್ಲಿ ಹತ್ತಿ ಬರುತ್ತಿದ್ದ ಯಾತ್ರಿಕರು ಠಣ್ ಠಣ್ ಎಂಬ ನಾದ ಕೇಳಿ ಮೇಲಿಂದ ದೇವರ ಉತ್ಸವವೇ ಇಳಿದು ಬರುತ್ತಿದೆ ಎಂದುಕೊಂಡು ಪಕ್ಕಕ್ಕೆ ಸರಿದು, "ಜೈ ಮಾತಾಜಿ" ಎಂದು ಕೈಮುಗಿದರು. ಒಬ್ಬ ಮುದುಕಿ ಕೈ ಮುಗಿದ ಮೇಲೆ ನನ್ನನ್ನು ಸರಿಯಾಗಿ ನೋಡಿ ಕೈ ಇಳಿಸಿದಳು. ನನಗೆ ಕೈ ಬಿಟ್ಟು ಪ್ರತಿನಮಸ್ಕಾರ ಮಾಡುವ ಸ್ಥಿತಿ ಇರಲಿಲ್ಲ. ಸವಿತಾ ಮುಂದಿನ ತಿರುವಿನಲ್ಲಿ ಕಣ್ಮರೆಯಾದಳು. ಇನ್ನು ಎಲ್ಲ ಮುಗಿಯಿತು, ಗಂಟೆ ಬಾರಿಸುತ್ತ ಬಂದ ಗಂಡನ್ನು ಯಾರು ಒಪ್ಪುತ್ತಾರೆ ಎಂದುಕೊಂಡೆ.

ಎರಡು ತಿರುವು ಕೆಳಗೆ, ನಿಂಬೆ ಶರಬತ್ತಿನ ಗಾಡಿಯ ಹತ್ತಿರ ಅವಳು ಕಾಯುತ್ತಿದ್ದಳು.

"ಏನ್ರೀ ಅದು ಸಪ್ಪಳ? ಗುಡಿ ಗಂಟಿ ಬೆನ್ನು ಹತ್ತಿ ಬಂದಂಗ ಆಗಾಕತ್ತಿತ್ತು!"

ಇನ್ನು ಮುಚ್ಚಿಡುವಂತಿರಲಿಲ್ಲ. "ಸ್ಪ್ರಿಂಗು ರೀ. ಇದು ಅರವತ್ತೈದು ಕಿಲೋದವನದ್ದು."

"ಯಾರ್ರೀ ಆತ?"

"ನಾನೇ. ಅಂದ್ರೆ, ಇಷ್ಟೊತ್ತಿಗೆ ಆಗಬೇಕಾಗಿತ್ತು. ಆಗಲಿಲ್ಲ."

ಅವಳು ಸ್ಪ್ರಿಂಗು ನೋಡಿದಳು, ನನ್ನನ್ನು ನೋಡಿದಳು. ಶರಬತ್ತಿನ ಲೋಟ ಕೆಳಗಿಟ್ಟು ನಗತೊಡಗಿದಳು, ನಕ್ಕು ನಕ್ಕು ಗಾಡಿಯ ಅಂಚು ಹಿಡಿದುಕೊಂಡಳು. ಶರಬತ್ತಿನವನಿಗೆ ಭಾಷೆ ತಿಳಿಯದಿದ್ದರೂ ಅವನೂ ನಕ್ಕ.

"ಮೊದಲನೇ ದಿನಾನ ಗೊತ್ತಿತ್ರಿ ನನಗ. ಮೌಶಿ ಮನಿ ಬೆತ್ತದ ಕುರ್ಚಿ ಐತಲ್ಲ, ನೀವು ಎದ್ದು ಹೋದ ಮ್ಯಾಲೆ ಎರಡು ದಿನ ನೆಟ್ಟಗ ಆಗಲಿಲ್ಲ. ಕೊಡ್ರಿ ಇಲ್ಲಿ, ನಾ ಹತ್ತಿ ನೋಡ್ತೀನಿ."

"ಬೇಡ ರೀ, ಅದು ನಿಮಗೂ..."

"ಅರವತ್ನಾಕು ಅದೀನ್ರಿ ನಾ!" ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ ನಾನು ಹೆದರಿ ಸುತ್ತ ನೋಡಿದೆ. ಅಷ್ಟು ಯಾತ್ರಿಕರ ನಡುವೆ, ಹಾಡುಹಗಲಿನಲ್ಲಿ ಒಬ್ಬರು ತಮ್ಮ ತೂಕವನ್ನು ಕೂಗಿ ಹೇಳಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನಮ್ಮಜ್ಜಿ ಇದ್ದಿದ್ದರೆ ಶರಬತ್ತಿನವನಿಂದಲೇ ಉಪ್ಪು ಕೇಳಿ ಇಳಿ ತೆಗೆಯುತ್ತಿದ್ದರು. "ಈ ಚೀಲ ಸೇರಿಸಿದ್ರ ಸರಿಯಾಗಿ ಅರವತ್ತೈದು. ಮೌಶಿ ನಿಮ್ಮವ್ವಗ ಐವತ್ನಾಕು ಅಂತ ಹೇಳ್ಯಾಳ. ನಂಗ ಗೊತ್ತೈತಿ, ಎಲ್ಲಾರ ಮುಂದನೂ ಹಂಗ ಹೇಳ್ತಾಳ."

ಅವಳು ನನ್ನ ಸೈಕಲ್ಲು ಹತ್ತಿದಳು. ಸ್ಪ್ರಿಂಗು ಬೇಕಾದಷ್ಟೇ ಕುಗ್ಗಿ ನಿಂತಿತು, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಆಮೇಲೆ ಆ ಸೈಕಲ್ಲು ಪಾವಾಗಢವನ್ನು ಇಳಿದ ರೀತಿ ನೋಡಬೇಕಿತ್ತು. ಗುಂಡಿ ಬಂದರೆ ಚಕ್ರ ಮಾತ್ರ ಇಳಿದು ಏಳುತ್ತಿತ್ತು, ಅವಳ ಜಡೆ ಕೂಡ ಅಲುಗುತ್ತಿರಲಿಲ್ಲ. ಒಂದು ಸಲವೂ ಠಣ್ ಎನ್ನಲಿಲ್ಲ. ನಾನು ಅವಳ ಬೋಳು ಸೈಕಲ್ಲಿನ ಮೇಲೆ ಪ್ರತಿ ಕಲ್ಲಿನ ಪರಿಚಯ ಮಾಡಿಕೊಳ್ಳುತ್ತ, ಎರಡು ಕೈಯಲ್ಲೂ ಬ್ರೇಕು ಹಿಡಿದು ಹಿಂದೆ ಬಂದೆ. ಸೊಂಟ ಹೋಗಿತ್ತು. ಆದರೂ ಹೊಟ್ಟೆ ಒಳಗೆಳೆದುಕೊಳ್ಳುವ ಕೆಲಸ ತಪ್ಪಿದ್ದರಿಂದ, ಎಷ್ಟೋ ತಿಂಗಳ ಮೇಲೆ ಪೂರ್ತಿ ಉಸಿರಾಡಿದೆ.

ಕೆಳಗೆ ಚಾಂಪಾನೇರಿನ ಕೋಟೆ ಬಾಗಿಲಿನ ಹತ್ತಿರ ಒಬ್ಬ ಬಿಸಿ ಬಾಣಲೆಯಲ್ಲಿ ದಾಲ್‌ವಡೆ ಬಿಡುತ್ತಿದ್ದ. ಸವಿತಾ ಅವನ ಬೆಂಚಿನ ಮೇಲೆ ಕೂತಿದ್ದಳು, ಸೈಕಲ್ಲನ್ನು ಮೊಣಕಾಲಿಗೆ ಆನಿಸಿಕೊಂಡು. ನಾನು ಕುಂಟುತ್ತ ಬಂದು ಪಕ್ಕದಲ್ಲಿ ಕೂತೆ. ಬೆಂಚು ಕಿರುಗುಟ್ಟಿತು. ಇಬ್ಬರೂ ಕೇಳಿಸದವರ ಹಾಗೆ ಇದ್ದೆವು.

"ಮೌಶಿ ಇಳಿದು ಬಂದ ಮ್ಯಾಲೆ ಹೇಳ್ತೀನ್ರಿ, ಹೂಂ ಅಂತ" ಎಂದಳು ಬಾಣಲೆ ನೋಡುತ್ತ. "ಆದ್ರ ಒಂದು ಮಾತು. ನಿಮ್ಮವ್ವ ಹೇಳಿದ ಆ ಅರವತ್ತೈದು ಕಿಲೋದವ ಅದಾನಲ್ಲ, ಅವಗಲ್ಲ ಹೂಂ ಅನ್ನೂದು. ಅವನ್ನ ನಾ ನೋಡಿಲ್ಲ. ನಿಮಗ."

ಕಣ್ಣು ಮಂಜಾಯಿತು, ಎಣ್ಣೆಯ ಹೊಗೆ ಎಂದು ಮುಖ ತಿರುಗಿಸಿದೆ. ಏನಾದರೂ ಮಾಡಬೇಕಲ್ಲ ಎಂದು ವಡೆಯವನ ಕಡೆ ಎರಡು ಬೆರಳು ಎತ್ತಿ, "ದೋ ಪ್ಲೇಟ್" ಎಂದೆ.

ಸವಿತಾ ನನ್ನ ಕೈ ಹಿಡಿದು, ಮಡಿಸಿಕೊಂಡಿದ್ದ ಇನ್ನೆರಡು ಬೆರಳುಗಳನ್ನೂ ಬಿಡಿಸಿದಳು.

"ನಾಕು ಹೇಳ್ರಿ" ಎಂದಳು. "ಇನ್ನ ಯಾರಿಗೆ ಅಂಜಬೇಕು?"